ಎದೆಯ ಮೇಲಿನ ಬೋರ್ಡು

ನನ್ನ ಬಾಮೈದನ ಎದೆಯ ಎಡಗಡೆ ಅವನ ಹೆಂಡತಿಯ ಹೆಸರಿದೆ. ಮೂರೇ ಅಕ್ಷರ, ಅದರಲ್ಲೊಂದಕ್ಕೆ ಒತ್ತು. ಅದನ್ನು ಬರೆದವನು ನಾನು. ಹೆಸರೇನೆಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಆಯಮ್ಮ ಸುಮ್ಮನೆ ಬಿಡುವವಳಲ್ಲ. ಒಂದು ಸಲ ಬಿಡದೇ ಹೋದದ್ದರಿಂದ ಏನೇನಾಯಿತು ಎಂಬುದನ್ನಷ್ಟೇ ಹೇಳುತ್ತೇನೆ.

ನಾನು ಮೊದಲಿಂದ ಬೋರ್ಡು ಬರೆಯುವವನು. ಪಾಂಡವಪುರದ ಪೇಟೆ ಬೀದಿಯಲ್ಲಿ ಒಂದು ಕಾಲಕ್ಕೆ ನನ್ನ ಕೈಯಕ್ಷರ ಇಲ್ಲದ ಅಂಗಡಿ ಕಡಿಮೆ. ಕೆ.ಆರ್.ಪೇಟೆ, ಸಿಂಧಘಟ್ಟದ ಕಡೆಯ ಟ್ರಾಕ್ಟರ್ ಟ್ರೈಲರುಗಳ ಹಿಂದೆ ಹೋರಿ ಬರೆದಿದ್ದೇನೆ, ಹದ್ದು ಬರೆದಿದ್ದೇನೆ, ಹದ್ದಿನ ಹಾಗೆ ಕಾಣುವ ಕೋಳಿಯನ್ನೂ ಬರೆದಿದ್ದೇನೆ. ಆದರೆ ನನ್ನ ನಿಜವಾದ ಹೆಚ್ಚುಗಾರಿಕೆ ಇದ್ದದ್ದು ಅಕ್ಷರಕ್ಕೆ ಶೇಡು ಕೊಡುವುದರಲ್ಲಿ. ಹಳದಿ ಅಕ್ಷರ, ಅದರ ಬಲಕ್ಕೂ ಕೆಳಕ್ಕೂ ಕೆಂಪು, ಕೆಂಪಿನ ಪಕ್ಕಕ್ಕೆ ಅಚ್ಚುಕಟ್ಟಾಗಿ ಕಪ್ಪು. ಬಸ್ಸಿನಲ್ಲಿ ಕೂತು ಹೋಗುವವನಿಗೂ ಅಕ್ಷರ ಗೋಡೆ ಬಿಟ್ಟು ಎದ್ದು ಬಂದು ಕರೆದಂತೆ ಆಗಬೇಕು. ಆಮೇಲೆ ಫ್ಲೆಕ್ಸ್ ಬಂತು. ಅಂಗಡಿಯವರಿಗೆ ಅಕ್ಷರಕ್ಕಿಂತ ತಮ್ಮ ಮುಖವೇ ದೊಡ್ಡದಾಗಿ ಕಾಣಬೇಕೆನಿಸಿತು. ನನ್ನ ಬ್ರಷ್ಷುಗಳು ಸೀಮೆಎಣ್ಣೆ ಡಬ್ಬದಲ್ಲೇ ನಿಂತುಕೊಂಡವು.

ಅಂಥ ದಿನಗಳಲ್ಲಿ ಶ್ರೀರಂಗಪಟ್ಟಣದಿಂದ ಒಂದು ಹುಡುಗಿ ಫೋನ್ ಮಾಡಿದಳು. ಮೊದಲ ಮಹಡಿಯಲ್ಲಿ ಟ್ಯಾಟೂ ಅಂಗಡಿ ಇಟ್ಟಿದ್ದೇನೆ, ಫ್ಲೆಕ್ಸ್ ಬೇಡ, ಕೈಯಲ್ಲಿ ಬರೆದ ಬೋರ್ಡೇ ಬೇಕು ಎಂದಳು. ಹೋಗಿ ನೋಡಿದರೆ ನನ್ನ ಮಗಳ ವಯಸ್ಸು. ಮೈಸೂರಿನಲ್ಲಿ ಕೆಲಸ ಕಲಿತು ಬಂದಿದ್ದಳು. ನಾನು ಏಣಿ ಹಾಕಿಕೊಂಡು ಎರಡು ದಿನ ಬರೆದೆ. ಅವಳು ಕಾಫಿ ಲೋಟ ಹಿಡಿದು ಕೆಳಗೆ ನಿಂತು ನೋಡುತ್ತಿದ್ದಳು.

"ಅಂಕಲ್, ನಿಮ್ಮ ಕೈ ಒಂಚೂರೂ ನಡುಗಲ್ಲ," ಎಂದಳು.

"ಗೋಡೆ ಅಲ್ಲಾಡದಿದ್ರೆ ನನ್ ಕೈಯೂ ಅಲ್ಲಾಡಕಿಲ್ಲ ಕಣವ್ವ," ಎಂದೆ.

"ನನ್ನ ಗೋಡೆಗಳು ಅಲ್ಲಾಡ್ತವೆ. ಕೂಗ್ತವೆ ಕೂಡ," ಎಂದು ನಕ್ಕಳು.

ಬೋರ್ಡಿನ ಕೆಲಸ ಮುಗಿದ ಮೇಲೂ ನಾನು ಹೋಗುತ್ತಲೇ ಇದ್ದೆ. ಒಂದು ದಿನ ನಾಚಿಕೆ ಬಿಟ್ಟು ನನಗೂ ಕಲಿಸು ಎಂದು ಕೇಳಿಯೇಬಿಟ್ಟೆ. ಅವಳು ಒಪ್ಪಿದಳು. ಅಂದಿನಿಂದ ಅವಳು ನನಗೆ ಮೇಡಂ. ನಾನು ಮಾತ್ರ ಅಂಕಲ್ಲಾಗಿಯೇ ಉಳಿದೆ.

ಗೆರೆ ಎಳೆಯುವುದು ಒಂದೇ ವಾರಕ್ಕೆ ಬಂತು. ಸಿಕ್ಕಿಹಾಕಿಕೊಂಡದ್ದು ಶೇಡಿನಲ್ಲಿ. ಇಪ್ಪತ್ತೈದು ವರ್ಷ ಶೇಡು ಕೊಟ್ಟವನಿಗೆ ಶೇಡೇ ಬರುವುದಿಲ್ಲವೆಂದರೆ ಯಾರ ಮುಂದೆ ಹೇಳಿಕೊಳ್ಳುವುದು? ಬೋರ್ಡಿನಲ್ಲಿ ನೆರಳಿಗೊಂದು ಅಂಚಿರುತ್ತದೆ. ಇಲ್ಲಿಂದ ಇಲ್ಲಿಗೆ ಕಪ್ಪು, ಅಲ್ಲಿಗೆ ಮುಗಿಯಿತು. ಮೈ ಮೇಲೆ ಹಾಗಲ್ಲ. ನೆರಳು ಎಲ್ಲಿ ಮುಗಿಯಿತೆಂದು ನೋಡುವವನಿಗೆ ಗೊತ್ತಾಗಬಾರದು. ಮೇಡಂ ಮೂರು ಪುಟ್ಟ ಬಟ್ಟಲು ಇಟ್ಟು, ಒಂದರಲ್ಲಿ ಅಚ್ಚ ಕಪ್ಪು, ಇನ್ನೊಂದರಲ್ಲಿ ಅರ್ಧ ನೀರು, ಮತ್ತೊಂದರಲ್ಲಿ ನೀರಿಗೆ ಕಪ್ಪು ತೋರಿಸಿದಷ್ಟೇ ಇಂಕು ಬೆರೆಸುತ್ತಿದ್ದಳು. ತಿಳಿಯಿಂದ ಶುರುಮಾಡಬೇಕು, ಆಮೇಲೆ ಗಾಢ. ಒಂದು ಸಾಲು ಸೂಜಿ ಒಟ್ಟಿಗಿರುವ ಚಪ್ಪಟೆ ಮೂತಿಯನ್ನು ಮಿಷನ್ನಿಗೆ ಸಿಕ್ಕಿಸಿ, ಚರ್ಮ ಮುಟ್ಟಿಸಿ, ಸರಕ್ಕನೆ ಎಳೆದು, ಕೊನೆಯಲ್ಲಿ ಗಾಳಿಗೆ ಎತ್ತಿಬಿಡುತ್ತಿದ್ದಳು. ಎಳೆತದ ಬುಡದಲ್ಲಿ ಕಪ್ಪು ದಟ್ಟ, ತುದಿಯಲ್ಲಿ ಹೊಗೆಯ ಹಾಗೆ ಮಾಯ. ಅದಾಗದವರು ಸಣ್ಣ ಸಣ್ಣ ಸುತ್ತು ಹಾಕುತ್ತಾ ತುಂಬಬಹುದು. ಅದೂ ಆಗದಿದ್ದರೆ ಚುಕ್ಕಿ, ಒತ್ತೊತ್ತಾಗಿಟ್ಟರೆ ಕತ್ತಲೆ, ದೂರದೂರ ಇಟ್ಟರೆ ಬೆಳಕು.

"ಕೊನೆಯಲ್ಲಿ ಕೈ ಎತ್ತಿ ಅಂಕಲ್, ಎತ್ತಿ! ಇದು ಗೋಡೆ ಅಲ್ಲ," ಎಂದು ದಿನಕ್ಕೆ ಹತ್ತು ಸಲ ಅನ್ನುವಳು. ನನ್ನ ಕೈ ಎತ್ತುತ್ತಿರಲಿಲ್ಲ. ಬಣ್ಣ ಅಂಚಿನವರೆಗೂ ತುಂಬಿಸಿ ಗಕ್ಕನೆ ನಿಲ್ಲಿಸುವುದು ಅದಕ್ಕೆ ರೂಢಿ.

ಮೊದಲು ಕುಂಬಳಕಾಯಿಯ ಮೇಲೆ ಅಭ್ಯಾಸ. ಮನೆಯಲ್ಲಿ ಅಟ್ಟದ ಮೇಲಿಟ್ಟಿದ್ದ ಕಾಯಿಗಳು ಒಂದೊಂದಾಗಿ ಶ್ರೀರಂಗಪಟ್ಟಣಕ್ಕೆ ಹೋಗಿ ಮೈತುಂಬ ಮಸಿ ಹಚ್ಚಿಕೊಂಡು ಬರತೊಡಗಿದವು. "ಇದನ್ ಸಾರಿಗಾಕನಾ, ದೃಷ್ಟಿಗೆ ಕಟ್ಟನಾ?" ಎಂದು ನನ್ನ ಹೆಂಡತಿ ಕೇಳಿದಳು. ಆಮೇಲೆ ಮೇಡಂ ಅಭ್ಯಾಸಕ್ಕೆಂದೇ ಸಿಗುವ ರಬ್ಬರಿನಂಥ ಹಾಳೆ ಕೊಟ್ಟಳು. ಅದರ ಮೇಲೂ ನನ್ನ ನೆರಳಿಗೆ ಅಂಚು ಬರುವುದು ತಪ್ಪಲಿಲ್ಲ.

ಬಾಮೈದ ಬಂದದ್ದು ಈ ಹಂತದಲ್ಲಿ. ಅವನೆಂದರೆ ನನ್ನ ಹೆಂಡತಿಯ ತಮ್ಮ. ಊರು ನಾಗಮಂಗಲದ ಕಡೆ, ಬೆಳ್ಳೂರಿಗೆ ಹತ್ತಿರ. ನಾಲ್ಕು ಹಸು, ಒಂದಿಷ್ಟು ಹೊಲ, ಮೈಯಲ್ಲಿ ಕಸುವು, ತಲೆಯಲ್ಲಿ ಯಾವಾಗಲೂ ಒಂದು ಹೊಸ ಹುಚ್ಚು. ಅವನ ಹೆಂಡತಿ ಬೆಳ್ಳೂರಿನಲ್ಲಿ ಮದುವೆ ಬ್ಲೌಸುಗಳಿಗೆ ಆರಿ ವರ್ಕ್ ಮಾಡುತ್ತಾಳೆ. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಕೊಕ್ಕೆಸೂಜಿಯಲ್ಲಿ ದಾರ, ಮಣಿ ಕೂರಿಸುವ ಕೆಲಸ. ಅವತ್ತಿಗೆ ಮೂರು ದಿನದ ಹಿಂದೆ ಗಂಡ ಹೆಂಡಿರಿಗೆ ಜಗಳವಾಗಿತ್ತು. ಮದುವೆಯಾದ ದಿನ ಯಾವುದೆಂದು ಇವನು ಮರೆತಿದ್ದ.

"ಭಾವ, ಅವ್ಳ ಹೆಸ್ರು ಎದೆ ಮ್ಯಾಲೆ ಬರ್ದ್ಬುಡು. ಇನ್ನು ಮರ್ತೆ ಅಂತ ಯಾರೂ ಅನ್ಬಾರ್ದು," ಎಂದು ಅಂಗಿ ಬಿಚ್ಚಿಯೇ ಕೂತ.

"ಲೇ, ನಾನಿನ್ನೂ ಕಲೀತಾ ಇವ್ನಿ ಕಣ್ಲಾ."

"ನೀನು ಕಲಿಯಾದೇನೈತೆ? ಊರ್ ತುಂಬ ನಿಂದೇ ಅಕ್ಷರ!"

ಈ ಮಾತಿಗೆ ನಾನು ಉಬ್ಬಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮೇಡಂ ಆ ದಿನ ಮೈಸೂರಿಗೆ ಹೊರಟಿದ್ದಳು. ಹೆಸರಿನ ಅಚ್ಚನ್ನು ಅವನ ಎದೆಗೆ ತಾನೇ ಒತ್ತಿ, ಹೊಸ ಸೂಜಿ ತೆಗೆದುಕೊಟ್ಟು, ಬಾಗಿಲಲ್ಲಿ ನಿಂತು ಬೆರಳೆತ್ತಿ ಹೇಳಿದಳು: "ಅಂಕಲ್, ಗೆರೆ ಮಾತ್ರ. ಶೇಡ್ ನಾನು ಬಂದಮೇಲೆ."

ಗೆರೆ ಎಳೆದೆ. ಚೆನ್ನಾಗಿಯೇ ಬಂತು, ಒತ್ತಕ್ಷರದ ಬಾಲ ಸಮೇತ. ಆದರೆ ಬರೀ ಗೆರೆಯ ಅಕ್ಷರ ನೋಡಿದರೆ ನನಗೆ ಯಾವಾಗಲೂ ಒಗೆದ ಬಟ್ಟೆ ಕಳೆದುಕೊಂಡು ಕೆರೆ ಏರಿ ಮೇಲೆ ನಿಂತವನನ್ನು ನೋಡಿದ ಹಾಗಾಗುತ್ತದೆ. ಕೈ ತುರಿಸಿತು. ಬಲಕ್ಕೆ ಒಂಚೂರು, ಕೆಳಕ್ಕೆ ಒಂಚೂರು ಎಂದುಕೊಂಡೆ. ಒಂದು ಅಕ್ಷರಕ್ಕೆ ಕೊಟ್ಟಮೇಲೆ ಉಳಿದೆರಡು ಸುಮ್ಮನಿರುತ್ತವೆಯೇ? ಒಂದು ಗಂಟೆ ಕಳೆಯುವಷ್ಟರಲ್ಲಿ ಮೂರೂ ಅಕ್ಷರಗಳು ಬಲಕ್ಕೂ ಕೆಳಕ್ಕೂ ಅಚ್ಚುಕಟ್ಟಾದ ಕಪ್ಪು ನೆರಳು ಹೊದ್ದು ಅವನ ಎದೆಯಿಂದ ಎದ್ದು ನಿಂತಿದ್ದವು. ಬಾಮೈದ ಕನ್ನಡಿ ನೋಡಿಕೊಂಡು, "ಅಯ್ ಸಿವನೆ! ಮಾತಾಡ್ತಾವೆ ಭಾವ," ಎಂದ.

ಸಂಜೆ ಮೇಡಂಗೆ ಫೋಟೋ ಕಳಿಸಿದೆ. ಬರೀ ಒಂದು ಸಾಲು ಉತ್ತರ ಬಂತು. "ಅಂಕಲ್, ಅಂಗಡಿ ಯಾವಾಗ ಓಪನ್ನು?"

ಅವಳೊಬ್ಬಳಿಗೆ ಹಾಗೆ ಕಂಡಿದ್ದರೆ ಪರವಾಗಿರಲಿಲ್ಲ. ವಾರ ಕಳೆದು, ಗಾಯ ಒಣಗಿ, ಬಾಮೈದ ಊರ ಡೈರಿಗೆ ಹಾಲು ಹಾಕಲು ಹೋದ. ಗುಂಡಿ ಮೂರು ಬಿಚ್ಚಿಕೊಂಡೇ ಹೋಗಿದ್ದನಂತೆ. ಸಾಲಿನಲ್ಲಿ ನಿಂತಿದ್ದ ಒಬ್ಬ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ ಓದಿ, "ಏನ್ಲಾ, ಕಡ್ಲೆಬೇಳೆ ಐತಾ?" ಎಂದನಂತೆ. ಇನ್ನೊಬ್ಬ, "ಹಿಂಡಿ ಬೂಸಾನೂ ಇಟ್ಟವ್ರೆ ಕಣ್ಲಾ, ಬೆನ್ನಿನ ಕಡೆಯಿಂದ ಓಗ್ಬೇಕು," ಎಂದನಂತೆ. ಸಾಲಿಗೆ ಸಾಲೇ ನಕ್ಕಿತಂತೆ. ಅವತ್ತಿನಿಂದ ಆ ಊರಿನಲ್ಲಿ ಅವನಿಗೆ ಹೆಸರು ಹೋಗಿ 'ಸ್ಟೋರು' ಎಂದಾಯಿತು. ಅದನ್ನಾದರೂ ಅವನು ತಡೆದುಕೊಂಡಾನು. ತಡೆದುಕೊಳ್ಳದವಳು ಅವನ ಹೆಂಡತಿ, ಏಕೆಂದರೆ ಸ್ಟೋರಿನ ಹೆಸರು ಅವಳದ್ದು.

ನನಗೆ ಫೋನ್ ಬಂತು. ಬೈಗುಳ ಇರುತ್ತದೆಂದು ಕಿವಿಯಿಂದ ಒಂದು ಗೇಣು ದೂರ ಹಿಡಿದೆ. ಆಯಮ್ಮ ಬೈಯಲಿಲ್ಲ. ತಣ್ಣಗೆ ಕೇಳಿದಳು.

"ಅಣ್ಣ, ಬೆಳಗೆದ್ದು ಇವ್ರ ಎದೆ ನೋಡುದ್ರೆ ನಂಗೆ ಮನೆ ಸಾಮಾನ್ ಚೀಟಿ ಬರೀಬೇಕು ಅನ್ನುಸ್ತೈತೆ. ಇದನ್ನ ಅಳ್ಸಕಾಗ್ತದಾ?"

"ಅಳ್ಸಕಾಗಕಿಲ್ಲ ಕಣವ್ವ. ಸರಿ ಮಾಡ್ಬೋದು."

"ಯಾರು, ನೀವಾ?"

ನಾನು ಮೇಡಂ ನಂಬರು ಕೊಟ್ಟೆ.

ಹುಣ್ಣು ಪೂರಾ ಮಾಗುವವರೆಗೆ ಮುಟ್ಟಬಾರದೆಂದು ಮೇಡಂ ಒಂದೂವರೆ ತಿಂಗಳು ಕಾಯಿಸಿದಳು. ಆಮೇಲೆ ಗಂಡ ಹೆಂಡತಿ ಇಬ್ಬರೂ ಶ್ರೀರಂಗಪಟ್ಟಣಕ್ಕೆ ಬಂದರು. ಅಷ್ಟು ದಟ್ಟ ಕಪ್ಪನ್ನು ತೆಳುವಾಗಿಸಲು ಬರುವುದಿಲ್ಲ, ಸುತ್ತಲೂ ಬೂದು ನೆರಳು ತುಂಬಿ ಆ ಕಪ್ಪಿಗೊಂದು ಕಾರಣ ಕೊಡಬೇಕು ಎಂದಳು ಮೇಡಂ. ನನಗೆ ಹೊಳೆಯಿತು. ಅಕ್ಷರಗಳನ್ನು ಕಲ್ಲಿನಲ್ಲಿ ಕೆತ್ತಿದ ಹಾಗೆ ಮಾಡಿದರೆ? ಆಗ ಆ ನೆರಳು ಕಲ್ಲಿನದ್ದಾಗುತ್ತದೆ. ಐಡಿಯಾ ಚೆನ್ನಾಗಿದೆ ಎಂದು ಅವಳೇ ಒಪ್ಪಿ, ತಿಳಿ ಇಂಕಿನ ಬಟ್ಟಲು ಮುಂದಿಟ್ಟು, ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಬೇರೊಬ್ಬರ ಕೆಲಸಕ್ಕೆ ತಿರುಗಿದಳು.

ಈ ಸಲ ನಾನು ನಿಜಕ್ಕೂ ಕೈ ಎತ್ತಿದೆ. ಬೂದು ಬಣ್ಣ ಹೊಗೆಯ ಹಾಗೆ ಹರಡಿತು, ಕಲ್ಲಿನ ತರಿತರಿ ಬಂತು. ಖುಷಿಯಾಯಿತು. ಆ ಖುಷಿಯಲ್ಲೇ ಕೆಟ್ಟೆ. ಬೋರ್ಡೆಂದರೆ ಸುತ್ತ ಒಂದು ಬಾರ್ಡರ್ ಇರಲೇಬೇಕೆಂಬುದು ನನ್ನ ರಕ್ತದಲ್ಲಿದೆ. ಎರಡು ಪಕ್ಕ ನೆಟ್ಟಗೆ, ಮೇಲ್ಗಡೆ ಚಂದಕ್ಕೆಂದು ದುಂಡಗೆ ಒಂದು ಅಂಚು ಕೊಟ್ಟೆ.

ಮೂಲೆಯಲ್ಲಿ ಕೂತಿದ್ದ ಬಾಮೈದನ ಹೆಂಡತಿ ಎದ್ದು ಬಂದು ನೋಡಿದಳು. ತುಂಬ ಹೊತ್ತು ನೋಡಿದಳು.

"ಅಣ್ಣ," ಎಂದಳು.

"ಏನವ್ವ?"

"ನಾನು ಸತ್ತು ಎಷ್ಟ್ ದಿನ ಆಯ್ತು?"

ಮೇಡಂ ಇತ್ತ ತಿರುಗಿದವಳು ಮಿಷನ್ ಆಫ್ ಮಾಡಿ, ಗ್ಲೌಸು ಹಾಕಿದ ಕೈ ಹಾಗೇ ಮೇಲೆತ್ತಿಕೊಂಡು, ಗೋಡೆಗೆ ಹಣೆ ಒತ್ತಿ ನಗತೊಡಗಿದಳು. ಮಲಗಿದ್ದ ಬಾಮೈದನಿಗೆ ಏನೂ ಕಾಣುತ್ತಿರಲಿಲ್ಲ. "ಏನಾಯ್ತು? ಯಾರ್ ಸತ್ರು?" ಎಂದು ಕತ್ತು ಎತ್ತಲು ನೋಡುತ್ತಿದ್ದ. ನಾನು ನೋಡಿದೆ. ತಲೆ ದುಂಡಗಿರುವ ಕಲ್ಲು, ನಡುವೆ ಹೆಂಗಸಿನ ಹೆಸರು. ಕೆಳಗೆ ಒಂದು ದೀಪ ಹಚ್ಚಿಡುವುದೊಂದು ಬಾಕಿ.

ಅವಳು ಕಿರುಚುತ್ತಾಳೆ, ಇಲ್ಲ ಎದ್ದು ಹೋಗುತ್ತಾಳೆ ಎಂದುಕೊಂಡೆ. ಅವಳು ಸ್ಟೂಲು ಎಳೆದುಕೊಂಡು ಗಂಡನ ಎದೆಯ ಹತ್ತಿರ ಕೂತಳು. ಬೆರಳಿನಿಂದ ಚರ್ಮವನ್ನು ಅತ್ತಿತ್ತ ಎಳೆದು ನೋಡಿದಳು. ಮೇಡಂ ಕಡೆ ತಿರುಗಿ ಕೇಳತೊಡಗಿದಳು. ಸೂಜಿ ಎಷ್ಟು ಆಳ ಇಳಿಯುತ್ತದೆ? ಜಾಸ್ತಿ ಇಳಿದರೆ ಏನಾಗುತ್ತದೆ? ಇಂಕು ಒಳಗೇ ಕದಡಿಕೊಳ್ಳುತ್ತದಾ? ಒಂದೇ ಜಾಗದಲ್ಲಿ ಎರಡು ಸಲ ಹೋದರೆ?

"ಬಟ್ಟೆನೂ ಇಂಗೇ ಅಲ್ವಾ," ಎಂದಳು ಕೊನೆಗೆ. "ಬಿಗಿಯಾಗಿ ಎಳ್ಕೊಂಡಿಲ್ಲ ಅಂದ್ರೆ ಸೂಜಿ ಎಲ್ಲೆಲ್ಲೋ ಓಯ್ತದೆ. ನಾನೂ ನವಿಲಿನ ಗರಿಗೆ ದಾರದಲ್ಲೇ ಶೇಡ್ ಕೂರುಸ್ತೀನಿ. ಉದ್ದ ಗಿಡ್ಡ, ಉದ್ದ ಗಿಡ್ಡ. ಅಂಚು ಕಾಣಬಾರ್ದು."

ಅಂಚು ಕಾಣಬಾರದು! ನಾನು ಆರು ತಿಂಗಳಿಂದ ಕುಂಬಳಕಾಯಿ ಹಾಳುಮಾಡಿ ಕಲಿಯಲಾಗದ್ದನ್ನು ಆಯಮ್ಮ ಸ್ಟೂಲಿನ ಮೇಲೆ ಕೂತು ಹೇಳಿದಳು. ಮೇಡಂ ನಗು ನಿಲ್ಲಿಸಿ, ಒಂದು ಅಭ್ಯಾಸದ ಹಾಳೆ ತೆಗೆದು ಅವಳ ಮುಂದಿಟ್ಟಳು. ಅವಳು ಚುಕ್ಕಿ ಇಟ್ಟಳು. ಒಂದು ಗಂಟೆ ಯಾರ ಕಡೆಯೂ ನೋಡದೆ ಇಟ್ಟಳು. ಮುಗಿದ ಮೇಲೆ ಮೇಡಂ ಆ ಹಾಳೆಯನ್ನು ನನ್ನ ಹಾಳೆಯ ಪಕ್ಕದಲ್ಲಿ ಗೋಡೆಗೆ ಅಂಟಿಸಿದಳು. ಅಂಟಿಸಬೇಕಾಗಿರಲಿಲ್ಲ.

ಮುಂದಿನ ಐದಾರು ತಿಂಗಳು ಅವಳು ವಾರಕ್ಕೆರಡು ದಿನ ಬೆಳ್ಳೂರಿನಿಂದ ಬಸ್ಸು ಹತ್ತಿ ಬಂದಳು. ನಾನೂ ಅವಳೂ ಒಂದೇ ಬೆಂಚಿನಲ್ಲಿ ಕೂತು ಕಲಿತೆವು. ನನಗೆ ಸಂಕಟವಾಗುತ್ತಿತ್ತು. ನಾನು ಕೇಳದೆಯೇ ಅವಳು, "ಅಣ್ಣ, ಕೈ ಎತ್ತಿ," ಎನ್ನುತ್ತಿದ್ದಳು. ಇದನ್ನು ಇಬ್ಬರು ಗುರುಗಳಿಂದ ಕೇಳಿಸಿಕೊಳ್ಳುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ. ಅವಳು ಮೊದಲು ತನ್ನ ಕಾಲಿನ ಮೇಲೆ ತಾನೇ ಒಂದು ಎಲೆ ಹಾಕಿಕೊಂಡಳು, ಆಮೇಲೆ ಮೇಡಂ ಮುಂಗೈಗೆ ಒಂದು. ಎರಡೂ ಮಾಗಿ ಮಟ್ಟಸವಾಗಿ ಕೂತದ್ದನ್ನು ನೋಡಿದ ದಿನ ಮೇಡಂ ಹೇಳಿದಳು, "ಇನ್ನು ನಿಮ್ಮ ಯಜಮಾನರನ್ನ ಕರ್ಕೊಂಡ್ ಬನ್ನಿ."

ಬಾಮೈದ ಬಂದ. ಹೆಂಡತಿ ಗ್ಲೌಸು ಹಾಕಿಕೊಳ್ಳುವುದನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು.

"ಭಾವನೇ ಮಾಡ್ಲಿ ಬುಡು," ಎಂದ.

"ಭಾವ ಮಾಡಿದ್ದು ಸಾಕು, ಮಲೀಕಳಿ," ಎಂದಳು.

ಮಿಷನ್ ಗುಂಯ್‌ಗುಡತೊಡಗಿತು. ನನ್ನದು ಚರ್ಮ ಎಳೆದು ಹಿಡಿಯುವ ಕೆಲಸ. ಅವಳು ಕಲ್ಲಿನ ಅಂಚಿನಿಂದ ಶುರುಮಾಡಿದಳು. ಮೊದಲು ಅಂಚಿಗೆ ಒತ್ತಿಕೊಂಡಂತೆ ಚುಕ್ಕಿ, ಆಮೇಲೆ ಸ್ವಲ್ಪ ಬಿಟ್ಟು, ಇನ್ನೂ ಬಿಟ್ಟು. ಕಣದಲ್ಲಿ ರಾಶಿಯ ಸುತ್ತ ರಾಗಿ ಚದುರಿದ ಹಾಗೆ ಭುಜದ ಕಡೆಗೂ ಪಕ್ಕೆಯ ಕಡೆಗೂ ಹೋಗುತ್ತಾ ತೆಳುವಾಗುತ್ತಿತ್ತು. ಕಲ್ಲು ಎಲ್ಲಿ ಮುಗಿದು ಮೈ ಎಲ್ಲಿ ಶುರುವಾಯಿತೆಂದು ಹತ್ತಿರದಲ್ಲಿದ್ದ ನನಗೇ ಗೊತ್ತಾಗುತ್ತಿರಲಿಲ್ಲ. ಚುಕ್ಕಿ ಇಡುವುದು ನಿಧಾನದ ಕೆಲಸ. ನಿಧಾನದ ಕೆಲಸದಲ್ಲಿ ಮಾತಿಗೆ ಹೊತ್ತಿರುತ್ತದೆ.

"ರೀ."

"ಹ್ಞೂಂ."

"ಓದ ಶನಿವಾರ ಬೆಳ್ಳೂರು ಕ್ರಾಸಲ್ಲಿ ಏನ್ ತಿಂದ್ರಿ?"

ಅವರ ಮನೆಯಲ್ಲಿ ಶನಿವಾರ ಬಾಡು, ಮಾಂಸ ಮುಟ್ಟುವುದಿಲ್ಲ. ನಾನು ಚರ್ಮ ಹಿಡಿದಿದ್ದ ಬೆರಳನ್ನು ಒಂಚೂರು ಸಡಿಲ ಮಾಡಿದೆ.

"ಮುದ್ದೆ," ಎಂದ ಬಾಮೈದ.

"ಮುದ್ದೆ ಜೊತೀಗೆ?"

"ಸಾರು."

"ಯಾವ್ ಸಾರು? ಅಲ್ಲಾಡ್ಬ್ಯಾಡಿ. ಅಲ್ಲಾಡುದ್ರೆ ಒತ್ತಕ್ಷರ ಕೆಟ್ಟೋಯ್ತದೆ, ಆಮೇಲೆ ಇನ್ಯಾರ್ದೋ ಹೆಸ್ರಾಯ್ತದೆ."

ಪಕ್ಕೆಲುಬಿನ ಮೇಲೆ ಚರ್ಮ ತೆಳ್ಳಗಿರುತ್ತದೆ. ಅಲ್ಲಿ ಸೂಜಿ ಆಡಿದರೆ ಹಲ್ಲು ಜುಮ್ಮೆನ್ನುತ್ತದೆಂದು ಕೂತವರೆಲ್ಲ ಹೇಳುತ್ತಾರೆ. ಅವಳು ಸರಿಯಾಗಿ ಅಲ್ಲಿಗೆ ಬಂದಿದ್ದಳು.

"ಕೋಳಿ! ಕೋಳಿ ಸಾರು! ತೆಗಿ ಮಾರಾಯ್ತಿ!"

"ಒಬ್ರೇನಾ?"

ಬಾಮೈದ ಕಣ್ಣು ತೆರೆದು ನನ್ನ ಕಡೆ ನೋಡಿದ. ಅವನ ನೋಟದಲ್ಲಿ ಕ್ಷಮಿಸು ಎಂಬುದಿತ್ತು. ಕ್ಷಮಿಸುವಷ್ಟು ಹೊತ್ತು ಅವನು ಕೊಡಲಿಲ್ಲ.

"ಭಾವನೂ ಇದ್ದ. ಎರಡೆರಡ್ ಸಲ ಆಕುಸ್ಕೊಂಡ."

ಅವಳು ಮಿಷನ್ ನಿಲ್ಲಿಸಿದಳು. ಸೂಜಿಯ ತುದಿ ಒರೆಸಿದಳು. "ಅತ್ಗೆಗೆ ಗೊತ್ತಾ ಅಣ್ಣ?" ಎಂದು ನಯವಾಗಿ ಕೇಳಿದಳು. ಅತ್ತಿಗೆಯೆಂದರೆ ನನ್ನ ಹೆಂಡತಿ. ಗೊತ್ತಿರಲಿಲ್ಲ. ನಾನು ಪಾಂಡವಪುರ ಮುಟ್ಟುವಷ್ಟರಲ್ಲಿ ಗೊತ್ತಾಗಿತ್ತು. ಮುಂದಿನ ಎಂಟು ದಿನ ನಮ್ಮ ಮನೆಯಲ್ಲಿ ಮೂರು ಹೊತ್ತೂ ಬರೀ ಸೊಪ್ಪಿನ ಉಪ್ಸಾರು.

ಒಂದೇ ದಿನಕ್ಕೆ ಮುಗಿಸಬಹುದಾದ ಕೆಲಸವನ್ನು ಆಯಮ್ಮ ನಾಲ್ಕು ಸಲಕ್ಕೆ ಹಂಚಿದಳು. ಮೈಗೆ ಅದೇ ಒಳ್ಳೆಯದು ಎಂದು ಮೇಡಂ ಕೂಡ ಹೇಳಿದಳು, ಆದರೆ ಹೇಳುವಾಗ ನಗು ತಡೆದು ಅವಳ ತುಟಿ ಬಿಗಿಯಾಗಿತ್ತು. ಎರಡನೇ ಸಲ, ಮಾವನ ಮನೆಯ ಬೀಗರೂಟಕ್ಕೆ ಹೋಗದೆ ಹೊಟ್ಟೆನೋವೆಂದು ಮಲಗಿದ್ದು ಹೊರಬಂತು. ಮೂರನೇ ಸಲ, ಅವಳ ಆರಿ ಚೌಕಟ್ಟಿನ ಕಾಲು ಮುರಿದದ್ದು ಕರುವಲ್ಲ ಎಂಬುದು. ನಾಲ್ಕನೇ ಸಲ ಅವನಲ್ಲಿ ಹೇಳಲು ಏನೂ ಉಳಿದಿರಲಿಲ್ಲ. ಕೇಳುವ ಮೊದಲೇ ಅವಳ ಕೈ ಹಿಡಿದು, "ಮದುವೆ ದಿನ ಇನ್ಯಾವತ್ತೂ ಮರಿಯಕಿಲ್ಲ ಕಣೆ," ಎಂದ. ನಾನು ಕಿಟಕಿಯ ಕಡೆ ತಿರುಗಿದೆ. ಅವಳು ತಲೆ ಎತ್ತದೆ, "ಗ್ಲೌಸ್ ಮುಟ್ಬ್ಯಾಡಿ, ಇನ್ನೊಂದು ಜೊತೆ ಆಕೋಬೇಕಾಯ್ತದೆ," ಎಂದಳು. ಆದರೆ ಆಮೇಲೆ ಇಟ್ಟ ಚುಕ್ಕಿಗಳು ಬಹಳ ಮೆತ್ತಗಿದ್ದವು. ಅವನು ಕೂಗಲೇ ಇಲ್ಲ.

ಹೊಪ್ಪಳೆ ಉದುರಿ, ಇಂಕು ಒಳಗೆ ಇಳಿದು ನಿಂತ ಮೇಲೆ ತೋರಿಸಲು ಬಂದ. ಅಕ್ಷರ ಈಗ ಕೂಗುವುದಿಲ್ಲ. ಬೆಳಗಿನ ಮಂಜಿನೊಳಗಿಂದ ಯಾರೋ ನಡೆದು ಬರುತ್ತಿರುವ ಹಾಗೆ, ಹತ್ತಿರ ಹೋದರಷ್ಟೇ ಗುರುತು ಸಿಗುತ್ತದೆ. ಡೈರಿಯಲ್ಲಿ ಅವನನ್ನು ಇನ್ನೂ ಸ್ಟೋರು ಎಂದೇ ಕರೆಯುತ್ತಾರೆ. ಅದನ್ನು ಯಾವ ಶೇಡಿನಿಂದಲೂ ಮುಚ್ಚಲು ಬರುವುದಿಲ್ಲ.

ಈಗ ಅಂಗಡಿಯಲ್ಲಿ ಶೇಡಿನ ಕೆಲಸ ಬಂದರೆ ಮೇಡಂ ಆಯಮ್ಮನ ದಿನ ನೋಡಿ ಬರಲು ಹೇಳುತ್ತಾಳೆ. ಅಕ್ಷರ, ಗೆರೆ ಎಂದರೆ ನನ್ನ ಕಡೆ ಕೈ ತೋರಿಸುತ್ತಾಳೆ. ಮೊದಮೊದಲು ಮುಖ ಊದಿಸಿಕೊಂಡಿದ್ದೆ. ಈಗ ಇಲ್ಲ.

ಹೋದ ತಿಂಗಳು ನನ್ನ ಹೆಂಡತಿಯೂ ಬಂದಳು. ಇಷ್ಟು ದಿನ ಮೆಟ್ಟಿಲು ಹತ್ತಿದವಳಲ್ಲ. ಮುಂಗೈ ಮುಂದೆ ಚಾಚಿ, "ನಮ್ಮವ್ವನ ಕೈಲಿ ಇತ್ತಲ್ಲ, ಆ ತರುದ್ದು ಒಂದ್ ಹಚ್ಚೆ ಆಕಿ. ಬರೀ ಗೆರೆ. ನೆರಳು ಗಿರಳು ಏನೂ ಬ್ಯಾಡ," ಎಂದಳು. ಚಾಚಿದ್ದು ತಮ್ಮನ ಹೆಂಡತಿಯ ಕಡೆಗೆ.

"ಗೆರೆ ಅಂದ್ರೆ ಅಣ್ಣಂದೇ ಕೈ ಅತ್ಗೆ," ಎಂದಳು ಅವಳು.

ನನ್ನ ಹೆಂಡತಿ ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು. ಕುಂಬಳಕಾಯಿಗಳೆಲ್ಲ ಅವಳ ಕಣ್ಣ ಮುಂದೆ ಹಾದುಹೋದದ್ದು ನನಗೂ ಕಂಡಿತು. ಕೊನೆಗೆ ಕೂತಳು. ಆಯಮ್ಮ ಒಂದು ಕಡೆ ಚರ್ಮ ಬಿಗಿಯಾಗಿ ಎಳೆದು ಹಿಡಿದಳು, ಮೇಡಂ ಇನ್ನೊಂದು ಕಡೆ ದೀಪ ಬಗ್ಗಿಸಿ ಹಿಡಿದಳು. ನಾನು ಉಸಿರು ಕಟ್ಟಿ ಗೆರೆ ಎಳೆದೆ. ನಡುವೆ ಒಂದು ತುಳಸಿಕಟ್ಟೆ, ಸುತ್ತ ನಾಲ್ಕು ಎಸಳು. ಹೆಂಡತಿ ಒಂದು ಸಲವೂ ಅಯ್ಯೋ ಎನ್ನಲಿಲ್ಲ. ನನ್ನ ಕೈಯೂ ಒಂದು ಸಲವೂ ನಡುಗಲಿಲ್ಲ. ಕೊನೆಯ ಎಸಳು ಮುಗಿದು, ತುಳಸಿಕಟ್ಟೆಯ ಬಲಗಡೆ ಯಾಕೋ ಸ್ವಲ್ಪ ಖಾಲಿ ಕಾಣುತ್ತಿದೆಯಲ್ಲ ಎಂದು ನಾನು ನೋಡುವಷ್ಟರಲ್ಲಿ, ಆಯಮ್ಮ ನನ್ನ ಕೈಯಿಂದ ಮಿಷನ್ ಕಿತ್ತುಕೊಂಡಳು.